ತೀರ್ಪು ಮತ್ತು ಸಮಾಧಾನ: ಅಚಿಬೆಯ ಒಂದು ಕಾದಂಬರಿಯೂ ನಮ್ಮ ಗಡಿಭಾಗವೂ

ಊರೂರುಗಳ ನಡುವಣ ವ್ಯಾಜ್ಯವನ್ನು ಸಾಹಿತ್ಯಕೃತಿಯೊಂದು ವಸ್ತುವಾಗಿ ಆರಿಸಿಕೊಂಡಾಗ ವಿಮರ್ಶಕನ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ನ್ಯಾಯ ಯಾರ ಪಕ್ಷದಲ್ಲಿದೆ ಎಂಬುದು ಮೊದಲನೆಯದು. ನ್ಯಾಯನಿರ್ಣಯವಾದ ಮೇಲೆ ಆ ಜನ ಕೂಡಿ ಬಾಳಿದರೇ ಎಂಬುದು ಎರಡನೆಯದು. ನಮ್ಮ ಗಡಿಭಾಗವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಮೊದಲನೆಯ ಪ್ರಶ್ನೆಯಲ್ಲಿಯೇ ನಿಂತುಬಿಟ್ಟಿದೆ. ಎರಡನೆಯದನ್ನು ಎತ್ತಿಕೊಳ್ಳಲು ನೈಜೀರಿಯದ ಲೇಖಕ ಚಿನುವಾ ಅಚಿಬೆಯವರು 1964ರಲ್ಲಿ ಪ್ರಕಟಿಸಿದ 'ಆ್ಯರೋ ಆಫ್ ಗಾಡ್' ಎಂಬ ಕಾದಂಬರಿ ನೆರವಾಗುತ್ತದೆಂಬುದು ನಮ್ಮ ಅಭಿಪ್ರಾಯ.

ಕಾದಂಬರಿಯ ಕಾಲ 1920ರ ದಶಕ; ಸ್ಥಳ ಇಗ್ಬೊ ಜನರ ನಾಡು. ಉಮುವಾರೊ ಎಂಬುದು ಆರು ಹಳ್ಳಿಗಳ ಒಕ್ಕೂಟ. ಹಿಂದೊಮ್ಮೆ ದಾಳಿಕಾರರ ಕಾಟವನ್ನು ತಾಳಲಾರದೆ ಈ ಹಳ್ಳಿಗಳು ಒಂದುಗೂಡಿ, ಉಲು ಎಂಬ ಹೊಸ ದೈವವನ್ನು ಪ್ರತಿಷ್ಠಿಸಿಕೊಂಡಿದ್ದವು. ಅಲ್ಲಿಯ ಐಕ್ಯ ಹುಟ್ಟಿನಿಂದ ಬಂದುದಲ್ಲ, ಜನರು ಕೂಡಿ ಮಾಡಿಕೊಂಡುದು ಎಂಬುದನ್ನು ವಾಚಕರು ಗಮನಿಸಬೇಕು. ನೆರೆಯ ಒಕ್ಪೆರಿಯೊಡನೆ ಒಂದು ತುಂಡು ಭೂಮಿಯ ವಿಷಯವಾಗಿ ಜಗಳ ಹುಟ್ಟುತ್ತದೆ. ಭೂಮಿ ಒಕ್ಪೆರಿಯದೆಂದು ತನ್ನ ತಂದೆ ಹೇಳಿದ್ದನೆಂದು ಉಲುವಿನ ಮುಖ್ಯ ಅರ್ಚಕನಾದ ಎಜೆಉಲು ಸಭೆಯಲ್ಲಿ ನುಡಿಯುತ್ತಾನೆ. ಸಿರಿವಂತನೂ ವಾಗ್ಮಿಯೂ ಆದ ನ್ವಾಕನು ತನ್ನ ತಂದೆ ಹೇಳಿದ ಕಥೆ ಬೇರೆಯೆನ್ನುತ್ತಾನೆ. ಸಭೆ ನ್ವಾಕನ ಕಡೆಗೆ ಒಲಿಯುತ್ತದೆ. ರಾಯಭಾರಿಯಾಗಿ ಹೋದ ಅಕುಕಾಲಿಯನಿಗೆ ಒಕ್ಪೆರಿ ತಾಯಿಯ ತವರು. ಆದರೂ ಅಲ್ಲಿ ಮಾತಿಗೆ ಮಾತು ಬೆಳೆದು, ಅವನು ಎದುರಾಳಿಯ ಪೂಜೆಯ ವಿಗ್ರಹವನ್ನು ಸೀಳಿ, ಪ್ರಾಣವನ್ನು ಕಳೆದುಕೊಳ್ಳುತ್ತಾನೆ. ಯುದ್ಧ ಮೊದಲಾಗುತ್ತದೆ. ಆಂಗ್ಲ ಅಧಿಕಾರಿ ವಿಂಟರ್‌ಬಾಟಮ್ ಯುದ್ಧವನ್ನು ನಿಲ್ಲಿಸಿ, ಉಮುವಾರೊದ ಬಂದೂಕುಗಳನ್ನು ಮುರಿಸಿ, ಭೂಮಿಯನ್ನು ಒಕ್ಪೆರಿಗೆ ಕೊಡಿಸುತ್ತಾನೆ.

ಎಜೆಉಲುವಿನ ಸಾಕ್ಷ್ಯಕ್ಕೆ ಒಪ್ಪುವ ತೀರ್ಪಿದು. ಆದರೆ ಇದರಿಂದ ಸಮಾಧಾನ ಉಂಟಾಗಲಿಲ್ಲ. ತನ್ನ ಜನರಿಗೆ ವಿರುದ್ಧವಾಗಿ ಸಾಕ್ಷಿ ನುಡಿದವನೆಂಬ ಅಪವಾದ ಎಜೆಉಲುವಿಗೆ ಅಂಟಿತು. ಎರಡು ಊರುಗಳ ನಡುವಣ ಜಗಳ ಒಂದೇ ಊರಿನ ಒಳಜಗಳವಾಯಿತು. ಮುಂದೆ ಅದೇ ಅಧಿಕಾರಿಯ ಕರೆಗೆ ಓಗೊಟ್ಟು ಹೋದ ಅರ್ಚಕನು ಸೆರೆಯಲ್ಲಿರಬೇಕಾಗುತ್ತದೆ. ಊರಿಗೆ ಮರಳಿದವನು ಹೊಸ ಗೆಣಸಿನ ಹಬ್ಬದ ದಿನವನ್ನು ಸಾರಲು ಒಪ್ಪುವುದಿಲ್ಲ. ಬೆಳೆ ನೆಲದಲ್ಲಿಯೇ ಕೊಳೆಯತೊಡಗಲು ಹಸಿದ ಜನ ಕ್ರೈಸ್ತರ ದೇವಾಲಯದತ್ತ ತಿರುಗುತ್ತಾರೆ. ಹೊರಗಿನಿಂದ ಬಂದ ತೀರ್ಪು ಗಡಿಯನ್ನು ನಿಶ್ಚಯಿಸಿತು. ಊರೊಳಗಿನ ಮನಸ್ತಾಪವನ್ನು ಮುಟ್ಟಲಿಲ್ಲ. ಮುಟ್ಟದೆ ಬಿಟ್ಟ ಆ ಮನಸ್ತಾಪವೇ ಕೊನೆಗೆ ಊರನ್ನು ಒಡೆಯಿತು.

ಈಗ ನಮ್ಮ ಕಡೆಗೆ ಬರೋಣ. ಸ್ವಾತಂತ್ರ್ಯಪೂರ್ವದಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯನ್ನು ಅನುಸರಿಸಿ, ಚಂದಗಡವೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಮರುವರ್ಷವೇ ಮುಂಬಯಿ ಸರ್ಕಾರ ಕೇಂದ್ರಕ್ಕೆ ತನ್ನ ತಕರಾರನ್ನು ಸಲ್ಲಿಸಿತು. 1966ರಲ್ಲಿ ನೇಮಕವಾದ ಮೆಹರ್‌ಚಂದ್ ಮಹಾಜನರ ಆಯೋಗ 1967ರಲ್ಲಿ ವರದಿಯನ್ನೊಪ್ಪಿಸಿತು: ಬೆಳಗಾವಿ ನಗರ ಮೈಸೂರಿನಲ್ಲಿಯೇ ಉಳಿಯತಕ್ಕದ್ದು, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ಮೈಸೂರಿಗೆ ಸೇರತಕ್ಕವು. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 'ಮಹಾಜನ ವರದಿಯೇ ಅಂತಿಮ' ಎಂಬ ಮಾತು ಕನ್ನಡಿಗರಲ್ಲಿ ರೂಢವಾಗಿದೆ. ಆ ವರದಿ ಮಹಾರಾಷ್ಟ್ರಕ್ಕೆ ಕೊಡಬೇಕೆಂದ ಊರುಗಳಲ್ಲಿ ನಿಪ್ಪಾಣಿಯೂ ಒಂದೆಂಬುದನ್ನು ಆ ಮಾತನ್ನಾಡುವವರು ನೆನೆಯುವುದು ವಿರಳ. ಹೀಗೆ ಎರಡು ಪಕ್ಷಗಳೂ ತೀರ್ಪಿನಲ್ಲಿ ತಮಗೆ ಬೇಕಾದಷ್ಟನ್ನೇ ಓದಿಕೊಂಡಿವೆ.

ಉಭಯಪಕ್ಷಗಳ ವಾದದ ರೀತಿಯೂ ಉಮುವಾರೊದ ಸಭೆಯನ್ನು ನೆನಪಿಗೆ ತರುತ್ತದೆ. ನಾವು ಶಾಸನಗಳನ್ನೂ 'ಕವಿರಾಜಮಾರ್ಗ' ಹೇಳುವ ನಾಡಿನ ಎಲ್ಲೆಯನ್ನೂ ಮುಂದಿಡುತ್ತೇವೆ. ಅವರು ಮರಾಠರ ಆಳಿಕೆಯನ್ನೂ ಮನೆಮಾತಿನ ಲೆಕ್ಕವನ್ನೂ ಮುಂದಿಡುತ್ತಾರೆ. ಪ್ರತಿಯೊಬ್ಬನೂ ತನ್ನ ತಂದೆ ಹೇಳಿದ ಕಥೆಯನ್ನೇ ಸಾಕ್ಷಿಯಾಗಿ ತರುತ್ತಾನೆ. ಶಾಸನ ಚರಿತ್ರೆಗೆ ಪ್ರಬಲವಾದ ಆಧಾರವೆಂಬುದು ನಿರ್ವಿವಾದ. ಅದು ಇಂದು ಬದುಕಿರುವವರ ಮನಸ್ಸಿನ ಒಪ್ಪಿಗೆಯಾಗಲಾರದು. ಜನಗಣತಿಯ ಪಟ್ಟಿ ಒಬ್ಬನಿಗೆ ಒಂದೇ ತಾಯ್ನುಡಿಯನ್ನು ಬರೆದುಕೊಳ್ಳುತ್ತದೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆಯನ್ನಾಡುವ ಕಾಗವಾಡದ ಒಕ್ಕಲಿಗೆ ಅದರಲ್ಲಿ ಪೂರ್ಣ ಸ್ಥಾನವಿಲ್ಲ.

ಇದಕ್ಕೆ ಪ್ರತಿಯಾಗಿ 'ಗಡಿಯಲ್ಲಿ ಸಹಜವಾದ ಸೌಹಾರ್ದವಿದೆ, ಕೆಡಿಸುವವರು ರಾಜಕಾರಣಿಗಳು ಮಾತ್ರ' ಎಂಬ ಇನ್ನೊಂದು ಬಗೆಯ ಬರವಣಿಗೆಯೂ ಉಂಟು. ಕೊಲ್ಲಾಪುರದ ಕಡೆಯ ಬೀಗತನ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಭಕ್ತರು ಇದಕ್ಕೆ ನಿದರ್ಶನಗಳಾಗುತ್ತವೆ. ಇವು ಸತ್ಯವೇ. ಆದರೆ ಅಕುಕಾಲಿಯನಿಗೂ ಒಕ್ಪೆರಿಯಲ್ಲಿ ನೆಂಟರಿದ್ದರು. ನೆಂಟಸ್ತಿಕೆ ಸಮಾಧಾನಕ್ಕೆ ನೆಲವನ್ನು ಹದಮಾಡಬಲ್ಲುದು. ಬಿತ್ತುವ ಕೆಲಸ ಬೇರೆಯೇ ಉಳಿಯುತ್ತದೆ. ನಿಪ್ಪಾಣಿಯ ಮತದಾರರು ಮೊದಲ ದಶಕಗಳಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯತ್ತ ಒಲಿದುದನ್ನು ಕೇವಲ ನಾಯಕರ ಕುತಂತ್ರವೆಂದು ತಳ್ಳಿಹಾಕುವುದು ಆ ಮತದಾರರಿಗೆ ಮಾಡುವ ಅನ್ಯಾಯ.

ಹಾಗಾದರೆ ಕೂಡಿಸುವ ಕೆಲಸ ಎಲ್ಲಿ ನಡೆದಿದೆ? 1981ರ ಮಾರ್ಚ್ ತಿಂಗಳಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಕನ್ನಡದವರೂ ಮರಾಠಿಯವರೂ ಒಂದೇ ರಸ್ತೆಯಲ್ಲಿದ್ದರು. ಏಪ್ರಿಲ್ 6ರ ಗೋಳೀಬಾರಿನಲ್ಲಿ ಹಲವು ರೈತರು ಮಡಿದರು. ಭಾಷೆಯ ಗೆರೆಯನ್ನು ದಾಟಿದ ಈ ಚಳವಳಿಯಲ್ಲಿಯೂ ಇನ್ನೊಂದು ಗೆರೆ ಉಳಿದೇ ಇತ್ತು. ತಂಬಾಕಿನ ವಖಾರಗಳಲ್ಲಿ ಧೂಳು ಕುಡಿಯುತ್ತ ದುಡಿದ ಹೆಂಗಸರ ಕೂಲಿಯ ಪ್ರಶ್ನೆ ಬೆಲೆಯ ಪ್ರಶ್ನೆಯಲ್ಲಿ ಅಡಗುವಂಥದಲ್ಲ. ಅವರು ತಮ್ಮದೇ ಸಂಘಟನೆಯನ್ನು ಕಟ್ಟಬೇಕಾಯಿತು. ಇಬ್ಭಾಗವಾದ ಸಮಾಜವೆಂದು ಹೇಳುವಾಗ ಯಾವ ಗೆರೆಯಿಂದ ಇಬ್ಭಾಗವೆಂದು ಕೇಳುವುದು ಅವಶ್ಯ. ಜತ್ತದ ಕೆಲವು ಹಳ್ಳಿಗಳು ಕರ್ನಾಟಕವನ್ನು ಸೇರುವ ಮಾತೆತ್ತಿದ್ದವೆಂಬ ವಿಷಯ 2022ರಲ್ಲಿ ದೊಡ್ಡ ಚರ್ಚೆಯಾಯಿತು. ಆ ಮಾತಿನ ಹಿಂದೆ ಭಾಷೆಗಿಂತ ನೀರಿನ ಕೊರತೆಯೇ ಪ್ರಬಲವಾಗಿದ್ದಿತು.

ಸಾಹಿತ್ಯದ ಸಾಕ್ಷ್ಯವೂ ಇಲ್ಲಿ ಉಂಟು. 2024ರಲ್ಲಿ ತೀರಿಕೊಂಡ ಮಹಾದೇವ ಮೋರೆಯವರು ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ, ಅಲ್ಲಿಯ ದುಡಿಯುವ ಜನರ ಬಾಳನ್ನು ಮರಾಠಿಯಲ್ಲಿ ಬರೆದರು. ಅವರ ಮರಾಠಿಯಲ್ಲಿ ಗಡಿಯ ಕನ್ನಡ ಬೆರೆತಿದೆ. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಪ್ರಾಕೃತ ಗ್ರಂಥಗಳ ಸಂಪಾದನೆಯಲ್ಲಿ ವಿಖ್ಯಾತರಾದರು. ಮಹಾಜನ ವರದಿ ಹೊರಬಂದ 1967ರಲ್ಲಿಯೇ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಂಥವರನ್ನು ಒಂದು ಕಡೆಯ ಪಟ್ಟಿಗೆ ಸೇರಿಸಿ ಮುಗಿಸುವುದು ವಿಮರ್ಶೆಯ ಸೋಲು. ಮೋರೆಯವರ ಬರಹವನ್ನು ನಮ್ಮ ಕನ್ನಡ ವಿಭಾಗಗಳು ಗಡಿಯ ಅಧ್ಯಯನದಲ್ಲಿ ಓದಿಸಬೇಕೆಂಬುದು ನಮ್ಮ ಸೂಚನೆ.

ಹೋಲಿಕೆಯನ್ನು ಎಳೆದಾಡಬಾರದು. ವಿಂಟರ್‌ಬಾಟಮ್ ಪರದೇಶದ ಆಳಿಕೆಯ ಅಧಿಕಾರಿ. ಉಮುವಾರೊದ ಜನಕ್ಕೆ ಅವನು ಉತ್ತರ ಹೇಳಬೇಕಾಗಿರಲಿಲ್ಲ. ಮಹಾಜನ ಆಯೋಗವಾದರೋ ಪ್ರಜಾರಾಜ್ಯದ ಏರ್ಪಾಡು. ಅದು ಪಕ್ಷಗಳ ಅಹವಾಲನ್ನು ಕೇಳಿತು, ಅದರ ಮಾತನ್ನು ಖಂಡಿಸುವ ಸ್ವಾತಂತ್ರ್ಯ ಎಲ್ಲರಿಗೂ ಇದ್ದಿತು. 2022ರ ಡಿಸೆಂಬರಿನಲ್ಲಿ, ನ್ಯಾಯಾಲಯದ ತೀರ್ಪಿನವರೆಗೆ ಯಾವ ರಾಜ್ಯವೂ ಹಕ್ಕು ಮಂಡಿಸತಕ್ಕದ್ದಲ್ಲವೆಂದೂ, ತಲಾ ಮೂವರು ಸಚಿವರು ಕೂಡಿ ಮಾತನಾಡತಕ್ಕದ್ದೆಂದೂ ಇಬ್ಬರು ಮುಖ್ಯಮಂತ್ರಿಗಳು ಕೇಂದ್ರ ಗೃಹಸಚಿವರ ಮುಂದೆ ಒಪ್ಪಿಕೊಂಡರು. ಬಂದೂಕು ಮುರಿಯುವುದಕ್ಕಿಂತ ಇದು ಮೇಲಾದ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಕಾದಂಬರಿಯ ಪಾಠ ನಮಗೆ ಅನ್ವಯಿಸುತ್ತದೆ. ನ್ಯಾಯಾಲಯ ಯಾವ ತೀರ್ಪನ್ನೇ ಕೊಡಲಿ, ಗೆರೆಯ ಎರಡು ಬದಿಗಳಲ್ಲಿಯೂ ಅಲ್ಪಸಂಖ್ಯಾತರು ಉಳಿದೇ ತೀರುತ್ತಾರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಜತ್ತ, ಅಕ್ಕಲಕೋಟೆ, ಕಾಸರಗೋಡುಗಳ ಕನ್ನಡ ಶಾಲೆಗಾಗಿ ನಾವು ಕೇಳುವುದನ್ನು ನಿಪ್ಪಾಣಿಯ ಮರಾಠಿ ಮಗುವಿಗೆ ಕೊಡಲು ಸಿದ್ಧರಿರಬೇಕು; ಮಹಾರಾಷ್ಟ್ರವೂ ಅದೇ ಅಳತೆಗೋಲನ್ನು ಒಪ್ಪಬೇಕು. ಈ ಪರಸ್ಪರ ಕಟ್ಟುಪಾಡನ್ನು ಪಾಲಿಸುವುದಕ್ಕೆ ಯಾವ ತೀರ್ಪಿಗೂ ಕಾಯಬೇಕಾಗಿಲ್ಲ. ಗಡಿಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಶಾಲೆಯಲ್ಲಿ, ಪಂಚಾಯತಿಯ ಕಚೇರಿಯಲ್ಲಿ ಅದು ಎಷ್ಟರಮಟ್ಟಿಗೆ ನಡೆದಿದೆಯೆಂದು ಪರಿಶೀಲಿಸಿ ಬರೆದರೆ, ಮುಂದಿನ ಚರ್ಚೆಗೆ ಅದು ಗಟ್ಟಿಯಾದ ಸಾಮಗ್ರಿಯಾದೀತು.