ಲಕ್ಷಣವೂ ಪರೀಕ್ಷೆಯೂ: ಪ್ರೌಢಶಾಲೆಯ ಭೌತ-ರಸಾಯನ ಶಾಸ್ತ್ರಬೋಧನೆಯ ವಿಮರ್ಶೆ

ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ವಿಧವಾದುದೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ನಿರ್ಣಯಿಸಿರುವುದು ವಿದ್ವಾಂಸರಿಗೆ ವಿದಿತವಾದುದೇ. ವಸ್ತುವನ್ನು ಹೆಸರಿಸುವುದು ಉದ್ದೇಶ. ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ವಸ್ತುವಿಗೆ ಒಪ್ಪುವುದೋ ಇಲ್ಲವೋ ಎಂಬುದನ್ನು ಪ್ರಮಾಣಗಳಿಂದ ವಿಚಾರಿಸುವುದು ಪರೀಕ್ಷೆ. ನಮ್ಮ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ರಸಾಯನಶಾಸ್ತ್ರಗಳನ್ನು ಕಲಿಸುವ, ಕಲಿತುದನ್ನು ಅಳೆಯುವ ಕ್ರಮವನ್ನು ನೋಡಿದರೆ, ಮೊದಲಿನ ಎರಡು ಮಾತ್ರ ಉಳಿದು ಮೂರನೆಯದು ತನ್ನ ಹೆಸರನ್ನಷ್ಟೇ ಬಿಟ್ಟು ಹೋಗಿರುವಂತೆ ತೋರುತ್ತದೆ. ಪರೀಕ್ಷೆಯೆಂದು ನಾವು ಕರೆಯುತ್ತಿರುವುದು ಬಹುಮಟ್ಟಿಗೆ ಲಕ್ಷಣವಾಕ್ಯದ ಅನುವಾಚನ. ಈ ಕೊರತೆಯ ಸ್ವರೂಪವನ್ನೂ ಅದಕ್ಕೆ ನಮ್ಮಲ್ಲಿಯೇ ಇರುವ ಪರಿಹಾರವನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಲಕ್ಷಣಕ್ಕೆ ಮೂರು ದೋಷಗಳು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಗೋವಿನಲ್ಲಿ ಅವ್ಯಾಪ್ತಿ. ಕೊಂಬೇ ಲಕ್ಷಣವೆಂದರೆ ಎಮ್ಮೆಯಲ್ಲಿ ಅತಿವ್ಯಾಪ್ತಿ. ಒಂಟಿಗೊರಸೇ ಲಕ್ಷಣವೆಂದರೆ ಯಾವ ಗೋವಿನಲ್ಲಿಯೂ ಇಲ್ಲದ ಕಾರಣ ಅಸಂಭವ. ಈ ಒರೆಗಲ್ಲಿಗೆ ಶಾಲೆಯ ಕೆಲವು ವಾಕ್ಯಗಳನ್ನು ಹಚ್ಚಿ ನೋಡೋಣ.

‘ವಸ್ತುವಿನ ಮೇಲೆ ಬಲವು ವರ್ತಿಸಿ, ಆ ವಸ್ತುವು ಸ್ಥಾನಪಲ್ಲಟ ಹೊಂದಿದರೆ ಆ ಬಲವು ಕೆಲಸ ಮಾಡಿತು’ ಎಂಬುದು ಭೌತಶಾಸ್ತ್ರದಲ್ಲಿ ಬಾಲಕರು ಕಂಠಪಾಠ ಮಾಡುವ ಮಾತು. ಕೂಲಿಯವನೊಬ್ಬನು 20 ಕಿಲೋಗ್ರಾಂ ಮೂಟೆಯನ್ನು ತಲೆಯ ಮೇಲೆ ಹೊತ್ತು ಸಮತಟ್ಟಾದ ಹಾದಿಯಲ್ಲಿ ಒಂದೇ ವೇಗದಿಂದ 100 ಮೀಟರು ನಡೆದನೆನ್ನೋಣ. ಅವನು ಮೂಟೆಯನ್ನು ಮೇಲಕ್ಕೆ ಎತ್ತಿ ಹಿಡಿದಿರುವ ಬಲ ಸುಮಾರು 196 ನ್ಯೂಟನ್. ಬಲವೂ ಇದೆ, ಸ್ಥಾನಪಲ್ಲಟವೂ ಇದೆ. ಗುಣಿಸಿದರೆ 19,600 ಜೌಲ್. ಆದರೆ ಬಲದ ದಿಕ್ಕು ಮೇಲ್ಮುಖ, ಚಲನೆಯ ದಿಕ್ಕು ಅದಕ್ಕೆ ಲಂಬವಾದುದರಿಂದ ಆ ಬಲವು ಮೂಟೆಯ ಮೇಲೆ ಮಾಡಿದ ಕೆಲಸ ಸೊನ್ನೆ. ‘ಬಲದ ದಿಕ್ಕಿನಲ್ಲಿ’ ಎಂಬ ವಿಶೇಷಣವನ್ನು ಬಿಟ್ಟುದರ ಫಲವಾಗಿ ಲಕ್ಷಣವು ಅತಿವ್ಯಾಪ್ತವಾಯಿತು. ವಾಕ್ಯವನ್ನು ಒಪ್ಪಿಸಿದ ಬಾಲಕನಿಗೆ ಪೂರ್ಣಾಂಕ ದೊರೆಯಬಹುದು. ಮೂಟೆಯ ಪ್ರಶ್ನೆ ಬಂದಾಗ ಅದೇ ವಾಕ್ಯವು ಅವನನ್ನು ದಾರಿ ತಪ್ಪಿಸುವುದು.

ರಸಾಯನಶಾಸ್ತ್ರದಲ್ಲಿಯೂ ಹೀಗೆಯೇ. ‘ಆಕ್ಸಿಜನ್ ಸೇರುವುದು ಅಥವಾ ಹೈಡ್ರೋಜನ್ ತೊಲಗುವುದು ಉತ್ಕರ್ಷಣ’ ಎಂಬ ಲಕ್ಷಣವು ಮೆಗ್ನೀಸಿಯಂ ಉರಿಯುವಲ್ಲಿ ಸರಿಯಾಗಿ ಹೊಂದುತ್ತದೆ. ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಇಟ್ಟಾಗಲೋ, ಕಬ್ಬಿಣದ ಪರಮಾಣುವು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನಾಗುತ್ತದೆ. ಮೊಳೆಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಇಲ್ಲಿ ಆಕ್ಸಿಜನ್ ಸೇರಲಿಲ್ಲ, ಹೈಡ್ರೋಜನ್ ತೊಲಗಲಿಲ್ಲ. ಆದರೂ ಕಬ್ಬಿಣಕ್ಕೆ ಆದುದು ಉತ್ಕರ್ಷಣವೇ. ಇದು ಅವ್ಯಾಪ್ತಿ. ಎಲೆಕ್ಟ್ರಾನುಗಳ ನಷ್ಟವನ್ನು ಲಕ್ಷಣದಲ್ಲಿ ಸೇರಿಸಿದರೆ ಈ ದೋಷ ಪರಿಹಾರವಾಗುವುದು.

ಶಬ್ದಗಳ ವಿಷಯದಲ್ಲಿ ಭಾಷಾಪಂಡಿತರಾದ ನಮ್ಮ ಹೊಣೆ ಇನ್ನೂ ಹೆಚ್ಚಿನದು. ‘ಆಮ್ಲಜನಕ’ವೆಂಬ ನಮ್ಮ ಹೆಸರು ಫ್ರಾನ್ಸಿನ ಲಾವೊಸಿಯೆ ಇಟ್ಟ ಹೆಸರಿನ ಅಕ್ಷರಾರ್ಥ. ಆಮ್ಲಗಳೆಲ್ಲದರಲ್ಲಿಯೂ ಈ ಧಾತುವಿದೆಯೆಂದು ಅವನ ಅಭಿಪ್ರಾಯವಾಗಿತ್ತು. 1810ರಲ್ಲಿ ಇಂಗ್ಲೆಂಡಿನ ಡೇವಿಯು ಕ್ಲೋರಿನ್ ಒಂದು ಧಾತುವೆಂದೂ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲವೆಂದೂ ಸಾಧಿಸಿದನು. ಇತ್ತ ಸುಟ್ಟ ಸುಣ್ಣದಲ್ಲಿ ಆಕ್ಸಿಜನ್ ಇದ್ದರೂ ಅದು ಆಮ್ಲಕ್ಕೆ ವಿರುದ್ಧವಾದ ಪ್ರತ್ಯಾಮ್ಲ. ‘ಜಲಜನಕ’ದಲ್ಲಿಯಾದರೋ ಯೋಗಾರ್ಥವು ಯಥಾರ್ಥ. ಆದಕಾರಣ ಆಮ್ಲಜನಕವನ್ನು ರೂಢಿಶಬ್ದವೆಂದು ಉಪಾಧ್ಯಾಯನು ಎಚ್ಚರಿಸದಿದ್ದರೆ, ಸಂಸ್ಕೃತ ಬಲ್ಲ ಬುದ್ಧಿವಂತ ಬಾಲಕನೇ ಮೊದಲು ಮೋಸಹೋಗುವನು. ಅಂತೆಯೇ ಅಮರಕೋಶವು ಬಲ ಶಕ್ತಿಗಳನ್ನು ಪರ್ಯಾಯಪದಗಳಾಗಿ ಎಣಿಸುತ್ತದೆ. ಭೌತಶಾಸ್ತ್ರದಲ್ಲಿ ಬಲವು ನ್ಯೂಟನ್ನಿನಲ್ಲಿಯೂ, ಶಕ್ತಿಯು ಜೌಲಿನಲ್ಲಿಯೂ, ಸಾಮರ್ಥ್ಯವು ವ್ಯಾಟಿನಲ್ಲಿಯೂ ಅಳೆಯಲ್ಪಡುವ ಮೂರು ಬೇರೆ ಬೇರೆ ಪರಿಮಾಣಗಳು. ಕಾವ್ಯದ ಪಾಠದಲ್ಲಿ ಪರ್ಯಾಯಪದಪ್ರಯೋಗವು ಗುಣ. ಮುಂದಿನ ಗಂಟೆಯ ವಿಜ್ಞಾನದ ಪಾಠದಲ್ಲಿ ಅದೇ ದೋಷ. ಈ ಭೇದವನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೆ ಮಗುವು ತಾನಾಗಿ ಅರಿಯುವುದು ಹೇಗೆ?

ಪರಿಹಾರವೇನು? ತರ್ಕದ ಪಾಠಶಾಲೆಗಳಲ್ಲಿ ಪದಕೃತ್ಯವೆಂಬುದೊಂದು ಕ್ರಮವುಂಟು. ಲಕ್ಷಣದ ಒಂದೊಂದು ಪದವನ್ನೂ ತೆಗೆದು, ಇದಿಲ್ಲದಿದ್ದರೆ ಯಾವ ದೋಷ ಬರುವುದೆಂದು ಶಿಷ್ಯನಿಂದ ಹೇಳಿಸುವುದೇ ಅದರ ರೀತಿ. ಇದನ್ನು ಪ್ರಶ್ನಪತ್ರಿಕೆಗೆ ತರಬಹುದು. ‘ಕುದಿಬಿಂದುವೆಂದರೇನು?’ ಎಂದು ಕೇಳುವುದರ ಬದಲು, ‘ನೀರು 100 ಡಿಗ್ರಿ ಸೆಲ್ಸಿಯಸಿನಲ್ಲಿ ಕುದಿಯುವುದು ಎಂಬ ವಾಕ್ಯದಲ್ಲಿ ಯಾವ ವಿಶೇಷಣ ಬಿಟ್ಟುಹೋಗಿದೆ? ಉದಾಹರಣೆಯಿಂದ ತೋರಿಸು’ ಎಂದು ಕೇಳತಕ್ಕದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದು. ಅಲ್ಲಿಯ ಬಾಲಿಕೆಯು ತಾಪಮಾಪಕದಲ್ಲಿ 97ನ್ನು ಕಂಡು, ಪುಸ್ತಕಕ್ಕೆ ಹೆದರಿ 100 ಎಂದು ಬರೆದರೆ, ಪ್ರತ್ಯಕ್ಷವನ್ನು ಶಬ್ದಕ್ಕೆ ಬಲಿಗೊಟ್ಟಂತಾಯಿತು. ವಿಜ್ಞಾನಬೋಧನೆಗೆ ಇದಕ್ಕಿಂತ ಹಾನಿಯಿಲ್ಲ.

ಹಳೆಯ ತರ್ಕವು ನೀರನ್ನು ಮೂಲದ್ರವ್ಯವೆಂದು ಎಣಿಸಿತಷ್ಟೆ, ಅದರಿಂದ ಈಗಿನ ರಸಾಯನಕ್ಕೇನು ಪ್ರಯೋಜನವೆಂದು ಕೆಲವರು ಆಕ್ಷೇಪಿಸಬಹುದು. ನೀರು ಸಂಯುಕ್ತವೆಂಬುದನ್ನು 1783ರಲ್ಲಿ ಲಾವೊಸಿಯೆ ನಿರೂಪಿಸಿದುದು ನಿರ್ವಿವಾದ. ನಾವು ಬೇಡುವುದು ತರ್ಕದ ಪದಾರ್ಥಗಣನೆಯನ್ನಲ್ಲ, ಲಕ್ಷಣವನ್ನು ಶೋಧಿಸುವ ಕ್ರಮವನ್ನು. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಏಕರೀತಿಯಲ್ಲಿ ತಿದ್ದುವುದು ಹೇಗೆಂಬ ಎರಡನೆಯ ಆಕ್ಷೇಪವು ಗೌರವಾರ್ಹವಾದುದು. ಆದರೆ ಬಿಟ್ಟ ವಿಶೇಷಣವೂ ಅದರಿಂದ ಬರುವ ದೋಷವೂ ನಿಯತವಾದುವು. ಮಾದರಿ ಉತ್ತರವನ್ನು ಮೊದಲೇ ಸಿದ್ಧಪಡಿಸಬಹುದು. ಕಂಠಪಾಠವೂ ತ್ಯಾಜ್ಯವಲ್ಲ, ಲಕ್ಷಣವನ್ನೇ ಅರಿಯದವನು ಅದರ ದೋಷವನ್ನು ಹೇಳಲಾರನು. ಎಸ್.ಎಸ್.ಎಲ್.ಸಿ. ವಿಜ್ಞಾನದ 100 ಅಂಕಗಳಲ್ಲಿ ಲಿಖಿತ ಪರೀಕ್ಷೆಗಿರುವುದು 80. ಅದರಲ್ಲಿ ಹತ್ತನ್ನು ಪದಕೃತ್ಯಕ್ಕೆ ಮೀಸಲಿಟ್ಟರೂ ಪಾಠದ ರೀತಿ ಬದಲಾಗುವುದು. ಕೇಳುವ ಪ್ರಶ್ನೆಯಂತೆ ಕಲಿಸುವ ಪಾಠ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು, ಪಂಪಭಾರತವನ್ನೂ ಸಂಪಾದಿಸಿದರು. ಶಬ್ದಶುದ್ಧಿಯೂ ವಸ್ತುಶುದ್ಧಿಯೂ ಒಬ್ಬರಲ್ಲಿಯೇ ನೆಲಸಬಹುದೆಂಬುದಕ್ಕೆ ಅವರೇ ಸಾಕ್ಷಿ. ಭಾಷೋಪಾಧ್ಯಾಯರೂ ವಿಜ್ಞಾನೋಪಾಧ್ಯಾಯರೂ ಒಂದೆಡೆ ಕುಳಿತು ಪಾಠ್ಯಪುಸ್ತಕದ ಲಕ್ಷಣವಾಕ್ಯಗಳನ್ನು ಒಂದೊಂದಾಗಿ ಶೋಧಿಸುವುದು ಈಗ ಆಗಬೇಕಾದ ಕೆಲಸ. ಲಕ್ಷಣಗಳನ್ನೇ ಪರೀಕ್ಷಿಸದೆ ಮಕ್ಕಳನ್ನು ಪರೀಕ್ಷಿಸುವ ಅಧಿಕಾರ ನಮಗಿಲ್ಲ.