ಮಳೆಯ ದ್ವೀಪವೂ ಯಾತ್ರಿಕನ ಕಣ್ಣೂ

ಕರಿಬಿಯನ್ ಸಮುದ್ರದ ದ್ವೀಪಗಳೆಂದರೆ ಬಿಳಿಯ ಮರಳು, ನೀಲಿಯ ನೀರು ಎಂದು ಭಾವಿಸಿರುವ ವಾಚಕರಿಗೆ ಡೊಮಿನಿಕಾ ದ್ವೀಪವು ಅಪರಿಚಿತವೇ ಸರಿ. ಸುಮಾರು 290 ಚದರ ಮೈಲಿಗಳ ಈ ನಾಡಿನಲ್ಲಿ ಮರಳಿಗಿಂತ ಬೆಟ್ಟ ಹೆಚ್ಚು. ಒಳನಾಡಿನ ಶಿಖರಗಳ ಮೇಲೆ ವರ್ಷಕ್ಕೆ 250 ಅಂಗುಲಕ್ಕೂ ಮಿಗಿಲಾಗಿ ಮಳೆ ಸುರಿಯುವುದುಂಟು. ಅಲ್ಲಿಯ ಕುದಿಯುವ ಸರೋವರವನ್ನು ಕಾಣಲು ಕೆಸರು ತುಳಿದು ಬೆಟ್ಟವೇರುವ ಸಾಹಸಿಗಳಿಗೆ ಇಂದಿಗೂ ಕೊರತೆಯಿಲ್ಲ. ಈ ನಾಡನ್ನು ಕುರಿತ ಆಂಗ್ಲ ಗ್ರಂಥಗಳಲ್ಲಿ ಎರಡನ್ನು ಒಟ್ಟಿಗೆ ಓದಿದರೆ ಯಾತ್ರಾಸಾಹಿತ್ಯದ ಬಲವೂ ಅದರ ಕುರುಡೂ ಏಕಕಾಲದಲ್ಲಿ ತಿಳಿದುಬರುತ್ತವೆ.

ಮೊದಲನೆಯದು ಪ್ಯಾಟ್ರಿಕ್ ಲೀ ಫರ್ಮರ್ 1950ರಲ್ಲಿ ಪ್ರಕಟಿಸಿದ 'ದಿ ಟ್ರಾವೆಲರ್ಸ್ ಟ್ರೀ'. ಗ್ರಂಥಕರ್ತನ ಪಾಂಡಿತ್ಯವು ಬೆರಗುಗೊಳಿಸುವಂತಹುದು. ವಂಶ, ಭಾಷೆ, ಪೂರ್ವಾಚಾರಗಳೆಂದರೆ ಆತನಿಗೆ ತೀರದ ಹಸಿವು. ಶೈಲಿಯಂತೂ ಸುಂದರ, ಕೆಲವೆಡೆ ಬೇಕಾದುದಕ್ಕಿಂತ ಹೆಚ್ಚು ಸುಂದರ. ಆದರೆ ದ್ವೀಪದ ಮೂಲನಿವಾಸಿಗಳಾದ ಕಾರಿಬರನ್ನು ಆತನು ಕಾಣುವುದು ಆರುತ್ತಿರುವ ದೀಪವೊಂದರ ಕಡೆಯ ಕುಡಿಯೆಂಬಂತೆ. ಆ ದೀಪ ಆರಲಿಲ್ಲ. 1903ರಲ್ಲಿ ಅವರಿಗಾಗಿ ಮೀಸಲಾದ ಸುಮಾರು 3,700 ಎಕರೆ ನೆಲದಲ್ಲಿ ಅವರು ಬಾಳಿದರು. 2015ರಲ್ಲಿ ಕಲಿನಾಗೊ ಎಂಬ ತಮ್ಮ ಹೆಸರನ್ನೇ ಶಾಸನದಲ್ಲಿ ಮರಳಿ ಪಡೆದರು. 2023ರಲ್ಲಿ ಅವರಲ್ಲೊಬ್ಬ ಮಹಿಳೆ, ಸಿಲ್ವೇನಿ ಬರ್ಟನ್, ರಾಷ್ಟ್ರಾಧ್ಯಕ್ಷೆಯಾದರು. ಯಾತ್ರಿಕನಿಗೆ ತಾನೇ ಕಡೆಯದಾಗಿ ಕಂಡವನೆನ್ನಿಸಿಕೊಳ್ಳುವ ಆಸೆ ಬಲು ದೊಡ್ಡದು.

ಎರಡನೆಯದು ಯಾತ್ರಾಗ್ರಂಥವಲ್ಲ. 1890ರಲ್ಲಿ ಡೊಮಿನಿಕಾದ ರೋಸೋ ಪಟ್ಟಣದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ಪ್ರಕಟಿಸಿದ 'ವೈಡ್ ಸರ್ಗ್ಯಾಸೊ ಸೀ' ಎಂಬ ಕಾದಂಬರಿ. ಅದರ ನಡುಭಾಗದ ಹೆಚ್ಚಿನ ಕಥೆಯನ್ನು ಲೇಖಕಿಯು ಹೊರಗಿನಿಂದ ಬಂದ ಆಂಗ್ಲ ವರನ ಬಾಯಿಂದಲೇ ಹೇಳಿಸುತ್ತಾಳೆ. ಇದೇ ಆಕೆಯ ಜಾಣ್ಮೆ. ನವದಂಪತಿಗಳು ಬೆಟ್ಟದ ಮೇಲಿನ ಮನೆಗೆ ಹೊರಟಿದ್ದಾರೆ, ದಾರಿಯಲ್ಲಿ ಮಳೆ, ಮರದಡಿಯಲ್ಲಿ ನಿಲ್ಲುತ್ತಾರೆ. ಆ ಹಳ್ಳಿಯ ಹೆಸರು ಮ್ಯಾಸಕರ್, ಎಂದರೆ ಸಾಮೂಹಿಕ ಕೊಲೆ. ಇಲ್ಲಿ ಸತ್ತವರಾರು, ಗುಲಾಮರೇ ಎಂದು ವರನು ವಿಚಾರಿಸುತ್ತಾನೆ. ಅಲ್ಲ, ಎಂದೋ ಏನೋ ನಡೆದಿರಬೇಕು, ಈಗ ಯಾರಿಗೂ ನೆನಪಿಲ್ಲವೆಂಬುದು ಪತ್ನಿಯ ಉತ್ತರ. ಹಳ್ಳಿಯೂ ನಿಜ, ಕೊಲೆಯೂ ನಿಜ: 1674ರಲ್ಲಿ, ಆಂಗ್ಲ ಗವರ್ನರನಿಗೆ ಕಲಿನಾಗೊ ಸ್ತ್ರೀಯಲ್ಲಿ ಹುಟ್ಟಿದ ಇಂಡಿಯನ್ ವಾರ್ನರನೂ ಅವನ ಜನರೂ ಅಲ್ಲಿ ಹತರಾದರು, ಕೊಲ್ಲಿಸಿದವನು ಅವನ ಮಲಸಹೋದರನೇ. ಕಾದಂಬರಿಯು ಇದನ್ನು ವಿವರಿಸುವುದಿಲ್ಲ. ಮಳೆ ನಿಲ್ಲುತ್ತದೆ, ಕುದುರೆಗಳು ಮುಂದೆ ಸಾಗುತ್ತವೆ.

ಮುಂದೆ ವರನು ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಪೊದೆಗಳ ನಡುವೆ ಕಲ್ಲು ಹಾಸಿದ ಹಳೆಯ ರಸ್ತೆಯ ಕುರುಹು ಕಾಲಿಗೆ ಸಿಕ್ಕುತ್ತದೆ. ಹುಡುಕಿಕೊಂಡು ಬಂದ ಬಾಟಿಸ್ಟ್ ಎಂಬ ಆಳನ್ನು ಕೇಳಿದರೆ, ಇಲ್ಲಿ ರಸ್ತೆಯೇ ಇರಲಿಲ್ಲವೆನ್ನುತ್ತಾನೆ. ಎಷ್ಟು ಕೇಳಿದರೂ ಅದೇ ಮಾತು. ಸಾಮಾನ್ಯ ಸಾಹಸಕಥೆಯಲ್ಲಾಗಿದ್ದರೆ ಇದು ಭಯಹುಟ್ಟಿಸುವ ಪ್ರಸಂಗ ಮಾತ್ರವಾಗಿರುತ್ತಿತ್ತು. ಇಲ್ಲಿಯಾದರೋ, ಯಾತ್ರಿಕನು ಮನುಷ್ಯರು ಮುಟ್ಟದ ವನವೆಂದು ನಂಬಿದ್ದ ಕಾಡಿನ ಕೆಳಗೆ ಯಾರೋ ಹೊತ್ತ ಕಲ್ಲುಗಳಿವೆ. ಅವನ್ನು ಹೊತ್ತವರ ಮಕ್ಕಳಿಗೆ ಆ ಮಾತನ್ನು ಅತಿಥಿಯೊಡನೆ ಆಡುವ ಇಚ್ಛೆಯಿಲ್ಲ.

ಈ ಪ್ರಸಂಗದ ಹಿಂದೆ ಲೇಖಕಿಯ ಅನುಭವವೂ ಇದ್ದಿರಬಹುದು. ಆಕೆಯ ಬಾಲ್ಯದಲ್ಲಿ, ಹೆಸ್ಕೆತ್ ಬೆಲ್ ಎಂಬ ಅಧಿಕಾರಿಯ ಕಾಲದಲ್ಲಿ, ಬಿಳಿಯ ತೋಟಗಾರರನ್ನು ಒಳನಾಡಿಗೆ ಕರೆತರಲೆಂದು 'ಇಂಪೀರಿಯಲ್ ರೋಡ್' ಎಂಬ ರಾಜಮಾರ್ಗವನ್ನು ಹಾಕಹೊರಟರು. ಅದು ಎದುರು ಕರಾವಳಿಯನ್ನು ಮುಟ್ಟಲೇ ಇಲ್ಲ. 1936ರಲ್ಲಿ ಒಂದೇ ಒಂದು ಬಾರಿ ತವರಿಗೆ ಮರಳಿದ ರೀಸ್ ಆ ಮಾರ್ಗವನ್ನರಸಿ ಹೋದಾಗ ಆಕೆಗೆ ಸಿಕ್ಕಿದುದು ಕಾಡು, ಕೆಸರು ಮತ್ತು ಮಳೆ.