‘ಆಕ್ಟೋಪಸ್’ ಕಾದಂಬರಿಯ ಕೊನೆಯ ಹಡಗು

ಪರದೇಶದ ಕಾದಂಬರಿಯಲ್ಲಿ ನಮ್ಮ ದೇಶದ ಹೆಸರು ಕಣ್ಣಿಗೆ ಬಿದ್ದರೆ, ಜಾತ್ರೆಯ ಗದ್ದಲದಲ್ಲಿ ಯಾರೋ ನಮ್ಮನ್ನು ಹೆಸರು ಹಿಡಿದು ಕೂಗಿದಂತಾಗುತ್ತದೆ. ಅಮೆರಿಕದ ಫ್ರಾಂಕ್ ನಾರಿಸ್ 1901ರಲ್ಲಿ ಪ್ರಕಟಿಸಿದ ‘ದಿ ಆಕ್ಟೋಪಸ್’ ಕಾದಂಬರಿಯ ಕೊನೆಯಲ್ಲಿ ನನಗೆ ಹಾಗಾಯಿತು. ಕ್ಯಾಲಿಫೋರ್ನಿಯದ ಗೋಧಿ ಬೆಳೆಗಾರರು ರೈಲ್ವೆ ಕಂಪನಿಯ ಕೈಯಲ್ಲಿ ಹಾಳಾದ ಕಥೆ ಅದು. ಕಥೆ ಮುಗಿಯುವುದು ಮಾತ್ರ ಇಂಡಿಯಾದ ಬರಪೀಡಿತರಿಗಾಗಿ ಗೋಧಿ ತುಂಬಿಕೊಂಡು ಹೊರಟ ಹಡಗಿನಲ್ಲಿ. ಹರೆಯದಲ್ಲಿ ಓದಿದಾಗ ಆ ಮುಕ್ತಾಯ ನನಗೆ ಉದಾತ್ತವಾಗಿ ಕಂಡಿತ್ತು. ಈಚೆಗೆ ಮತ್ತೆ ಓದಿದೆ, ಹಾಗೆ ಕಾಣಲಿಲ್ಲ. ಏಕೆ ಎಂಬುದನ್ನು ವಾಚಕರ ಮುಂದಿಡಬೇಕೆನಿಸಿದೆ.

ಕಥೆಯ ಹಿಂದೆ ನಿಜವಾಗಿ ನಡೆದ ಸಂಗತಿಯಿದೆ. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ರೈಲುಹಳಿ ಕೂಡಿಸಿತು. ಹಳಿ ಹಾಸುವ ಕಂಪನಿಗಳಿಗೆ ಸರ್ಕಾರ ಅದರ ಎರಡು ಮಗ್ಗುಲಲ್ಲೂ ಅಪಾರ ಭೂಮಿಯನ್ನು ದಾನವಾಗಿ ಕೊಟ್ಟಿತು. ಕ್ಯಾಲಿಫೋರ್ನಿಯದಲ್ಲಿ ಸದರ್ನ್ ಪೆಸಿಫಿಕ್ ಕಂಪನಿ, ಎಕರೆಗೆ ಎರಡೂವರೆ ಡಾಲರಿನಿಂದ ಮೇಲ್ಪಟ್ಟು ಭೂಮಿ ಮಾರುವುದಾಗಿ ಹೇಳಿ ಒಕ್ಕಲುಗಳನ್ನು ಕರೆಯಿತು. ಅವರು ಬಂದು ಕಾಲುವೆ ತೋಡಿ, ಬರಡು ನೆಲವನ್ನು ಹಸನು ಮಾಡಿದರು. ಆಮೇಲೆ ಕಂಪನಿ ಅದೇ ಭೂಮಿಗೆ 17ರಿಂದ 40 ಡಾಲರು ಬೆಲೆ ಕಟ್ಟಿತು. ತಮ್ಮ ಬೆವರಿನಿಂದಲೇ ಏರಿದ ಬೆಲೆಯನ್ನು ತಾವೇ ತೆರಬೇಕಾಯಿತು. ನ್ಯಾಯಾಲಯವೂ ಕಂಪನಿಯ ಪರವಾಗಿ ನಿಂತಿತು. 1880ರ ಮೇ 11ರಂದು ಮಸಲ್ ಸ್ಲೂ ಎಂಬಲ್ಲಿ ಗುಂಡು ಹಾರಿ ಏಳು ಮಂದಿ ಸತ್ತರು.

ನಾರಿಸ್ ಇದನ್ನೇ ಬೆಳೆಸಿ ದೊಡ್ಡ ಕಾದಂಬರಿ ಮಾಡಿದ. ಕಂಪನಿಯ ಹಿಡಿತ ಎಂಥದೆಂಬುದನ್ನು ತೋರಿಸುವಲ್ಲಿ ಅವನಿಗೆ ಸಮನಾದವರು ಕಡಮೆ. ಜಮೀನುದಾರ ಮ್ಯಾಗ್ನಸ್ ಡೆರಿಕ್ ತರಿಸಿದ ನೇಗಿಲುಗಳು ರೈಲಿನಲ್ಲಿ ಅವನ ಊರಿಗೇ ಬಂದು ನಿಲ್ಲುತ್ತವೆ. ಆದರೆ ಇಳಿಸಿಕೊಳ್ಳುವಂತಿಲ್ಲ. ಅವು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ಮತ್ತೊಮ್ಮೆ ಬಾಡಿಗೆ ತೆತ್ತು ಹಿಂದಿರುಗಬೇಕು. ಅದು ಕಂಪನಿಯ ನಿಯಮ. ಕೆಲಸ ಕಳೆದುಕೊಂಡ ಎಂಜಿನ್ ಚಾಲಕ ಡೈಕ್, ಸಾಗಣೆಯ ದರವನ್ನು ವಿಚಾರಿಸಿಕೊಂಡೇ ಹಾಪ್ಸ್ ಬೆಳೆ ಇಡುತ್ತಾನೆ. ಫಸಲು ಕೈಗೆ ಬರುವ ಹೊತ್ತಿಗೆ ದರ ಏರುತ್ತದೆ. ಪ್ರಾಮಾಣಿಕನಾಗಿದ್ದವನು ಕೊನೆಗೆ ರೈಲು ದರೋಡೆಗೆ ಇಳಿಯುತ್ತಾನೆ. ಇಂಥ ಕಡೆ ಲೇಖಕ ಉಪದೇಶಕ್ಕೆ ತೊಡಗುವುದಿಲ್ಲ. ಬಾಡಿಗೆಯ ರಸೀತಿಯನ್ನೇ ತೋರಿಸಿ ಸುಮ್ಮನಾಗುತ್ತಾನೆ.

ಅವನ ನ್ಯಾಯದೃಷ್ಟಿಯೂ ಮೆಚ್ಚತಕ್ಕದ್ದು. ಬೆಳೆಗಾರರೇನೂ ದೇವತೆಗಳಲ್ಲ. ಗಣಿ ಅಗೆದು ಚಿನ್ನ ತೆಗೆದಂತೆಯೇ ಅವರು ನೆಲದ ಸಾರವನ್ನು ಹೀರುತ್ತಾರೆ. ದರ ಗೊತ್ತುಮಾಡುವ ಸಮಿತಿಯಲ್ಲಿ ತಮ್ಮವರನ್ನು ಕೂರಿಸಲು ಲಂಚ ಕೊಡುತ್ತಾರೆ. ಮಾನವಂತನಾದ ಮ್ಯಾಗ್ನಸನೇ ಅದಕ್ಕೆ ಕೈ ಹಾಕಿ ಮಾನ ಕಳೆದುಕೊಳ್ಳುತ್ತಾನೆ. ಅನ್ಯಾಯದೊಡನೆ ಹೋರಾಡುವವನಿಗೆ ಅನ್ಯಾಯದ ಕೆಸರು ಹೇಗೆ ಮೆತ್ತಿಕೊಳ್ಳುತ್ತದೆಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದ ಪುಸ್ತಕಗಳು ನನಗೆ ಹೆಚ್ಚು ತಿಳಿಯವು.

ಇಂಥ ಲೇಖಕ ಕೊನೆಯಲ್ಲಿ ಎಡವುತ್ತಾನೆ. ಕವಿ ಪ್ರೆಸ್ಲಿ ಕೋಪದಿಂದ ಕಂಪನಿಯ ಅಧ್ಯಕ್ಷ ಶೆಲ್‌ಗ್ರಿಮ್‌ನನ್ನು ನೋಡಲು ಹೋಗುತ್ತಾನೆ. ಗೋಧಿ ತಾನಾಗಿ ಬೆಳೆಯುತ್ತದೆ, ರೈಲು ತಾನಾಗಿ ಹರಡುತ್ತದೆ, ಇವು ಶಕ್ತಿಗಳು, ಮನುಷ್ಯರನ್ನು ದೂರಿ ಫಲವಿಲ್ಲ ಎಂಬುದು ಆ ಮುದುಕನ ವಾದ. ಪ್ರೆಸ್ಲಿ ತಬ್ಬಿಬ್ಬಾಗಿ ಹಿಂದಿರುಗುತ್ತಾನೆ. ಆಮೇಲೆ ಹಡಗಿನ ಅಟ್ಟದ ಮೇಲೆ ನಿಂತು ಸಮಾಧಾನ ತಂದುಕೊಳ್ಳುತ್ತಾನೆ: ಬೆಳೆಗಾರರು ಸತ್ತರೇನು, ಗೋಧಿ ಉಳಿಯಿತು, ಇಂಡಿಯಾದಲ್ಲಿ ಸಾವಿರಾರು ಜೀವ ಉಳಿಸುತ್ತದೆ, ಒಟ್ಟಿನಲ್ಲಿ ಎಲ್ಲವೂ ಒಳಿತಿಗೇ.

ನನ್ನ ತಕರಾರು ಇಲ್ಲಿ. ಆ ಗೋಧಿ ಬೆಳೆದದ್ದು ಕಿತ್ತುಕೊಂಡ ನೆಲದಲ್ಲಿ. ಅದನ್ನು ಮಾರಿದವನು ಆ ನೆಲವನ್ನು ನುಂಗಿದ ಕಂಪನಿಯ ಏಜೆಂಟ್ ಬೆರ್‌ಮನ್. ಕೊಂಡವರು ಧರ್ಮಕ್ಕೆಂದು ಹಣ ಕೂಡಿಸಿದ ಶ್ರೀಮಂತ ಗೃಹಿಣಿಯರು. ಬೆರ್‌ಮನ್‌ನನ್ನು ಹಡಗಿನ ಒಡಲಿಗೆ ಬೀಳಿಸಿ, ಸುರಿಯುವ ಗೋಧಿಯಲ್ಲಿ ಉಸಿರು ಕಟ್ಟಿಸಿ ಕೊಂದರೆ ಲೆಕ್ಕ ಚುಕ್ತಾ ಆಗುತ್ತದೆಯೆ? ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಹೂವೆನ್ ಎಂಬ ಒಕ್ಕಲಿಗನ ವಿಧವೆ ಹಸಿವಿನಿಂದ ಸಾಯುವುದನ್ನೂ, ಅದೇ ರಾತ್ರಿ ಕಂಪನಿಯ ಅಧಿಕಾರಿಯೊಬ್ಬನ ಮನೆಯಲ್ಲಿ ನಡೆಯುವ ಔತಣವನ್ನೂ ನಾರಿಸ್ ಎದುರುಬದುರಾಗಿ ಇಟ್ಟಿದ್ದಾನೆ. ಆ ಹೆಂಗಸಿಗೆ ಮುಖವಿದೆ, ಎಳೆಯ ಮಗುವಿದೆ. ಹಡಗು ಹೊರಟ ಕಡೆಯ ಹಸಿದವರಿಗೆ ಮುಖವೇ ಇಲ್ಲ. ಅವರು ಪ್ರೆಸ್ಲಿಯ ಸಮಾಧಾನಕ್ಕೆ ಬೇಕಾದ ಒಂದು ಸಂಖ್ಯೆ.

ನಮ್ಮ ಹಸಿವೂ ತಾನಾಗಿ ಬಂದದ್ದಲ್ಲ. ದಾದಾಭಾಯಿ ನವರೋಜಿಯವರ ಇಂಡಿಯಾದ ಬಡತನವನ್ನು ಕುರಿತ ಗ್ರಂಥ ಹೊರಬಿದ್ದದ್ದೂ 1901ರಲ್ಲೇ. ದೇಶದ ಸಂಪತ್ತು ವರ್ಷವರ್ಷವೂ ಹೊರಕ್ಕೆ ಹರಿದುಹೋಗುವುದರಿಂದಲೇ ಜನ ಬರಕ್ಕೆ ತುತ್ತಾಗುತ್ತಾರೆಂದು ಅವರು ಅಂಕಿ ಅಂಶ ಇಟ್ಟು ವಾದಿಸಿದರು. ಮೈಸೂರು ಸೀಮೆಯಲ್ಲಿ ಧಾತು, ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ 1876–78ರಲ್ಲಿ ಜನ ಹುಳುಗಳಂತೆ ಸಾಯುತ್ತಿದ್ದಾಗಲೂ ಇಂಡಿಯಾದ ಗೋಧಿ ಇಂಗ್ಲೆಂಡಿಗೆ ರಫ್ತಾಗುತ್ತಲೇ ಇತ್ತು. ನಮ್ಮಲ್ಲೂ ರೈಲು ಇತ್ತು, ಧಾನ್ಯ ಇತ್ತು. ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಮಳೆ ಬಾರದ್ದು ದೈವ. ಮಿಕ್ಕದ್ದು ಮನುಷ್ಯರ ಏರ್ಪಾಡು.

ಹಸಿದವನಿಗೆ ಈ ತರ್ಕವೆಲ್ಲ ಏಕೆ, ಗೋಧಿ ಬಂದರೆ ಸಾಲದೆ ಎಂದು ಕೇಳಬಹುದು. ಆ ಮಾತನ್ನು ನಾನು ಹಗುರವಾಗಿ ಕಾಣಲಾರೆ. 1966ರಲ್ಲಿ ಚಿಕ್ಕ ಹುಡುಗನಾಗಿದ್ದ ನಾನು ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವನು. ಅಮೆರಿಕದಿಂದ ಬಂದ ಗೋಧಿ ಅದು. ಅನ್ನ, ಮುದ್ದೆ ಬಿಟ್ಟು ಬೇರೆ ಅರಿಯದ ನಮ್ಮ ಮನೆಯಲ್ಲಿ ಅಮ್ಮ ಅದನ್ನು ನುಚ್ಚು ಒಡೆಸಿ ಉಪ್ಪಿಟ್ಟು ಮಾಡಿ ಬಡಿಸಿದಳು. ಉಂಡ ಋಣ ನಾನು ಮರೆತಿಲ್ಲ. ಆದರೆ ಅದೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ಕಂತುಕಂತಾಗಿ ಬಿಡುತ್ತ, ನಮ್ಮ ಸರ್ಕಾರದ ಧೋರಣೆಯನ್ನು ತಿದ್ದಲು ನೋಡಿದರೆಂಬುದೂ ಚರಿತ್ರೆಯೇ. ಗೋಧಿ ತಾನಾಗಿ ಬರಲಿಲ್ಲ. ಚೀಲದ ಬಾಯಿ ಬಿಚ್ಚುವ, ಕಟ್ಟುವ ಕೈಯೊಂದಿತ್ತು.

ನಾರಿಸನ ಕಾದಂಬರಿಯಲ್ಲೇ ಆ ಕೈ ಕಾಣುತ್ತದೆ. ಉದ್ಯಮಿ ಸೀಡರ್‌ಕ್ವಿಸ್ಟ್, ಇನ್ನು ಬೇಕಾದದ್ದು ಉತ್ಪಾದನೆಯಲ್ಲ, ಮಾರುಕಟ್ಟೆ. ಅದು ಏಷ್ಯದಲ್ಲಿದೆ ಎನ್ನುತ್ತಾನೆ. ಕಾದಂಬರಿ ಬರುವುದಕ್ಕೆ ಮೂರು ವರ್ಷ ಮೊದಲು, 1898ರಲ್ಲಿ, ಅಮೆರಿಕ ಸ್ಪೇನಿನೊಡನೆ ಯುದ್ಧ ಮಾಡಿ ಫಿಲಿಪೈನ್ಸಿಗೆ ಕಾಲಿಟ್ಟಿತ್ತು, ಹವಾಯಿಯನ್ನು ಸೇರಿಸಿಕೊಂಡಿತ್ತು. ಆ ಯುದ್ಧವನ್ನು ವರದಿ ಮಾಡಲು ನಾರಿಸನೇ ಕ್ಯೂಬಾಕ್ಕೆ ಹೋಗಿದ್ದ. ಧರ್ಮದ ಹಡಗು ಹೋದ ದಾರಿಯಲ್ಲೇ ವ್ಯಾಪಾರದ ಹಡಗೂ ಹೋಗುತ್ತದೆಂಬುದನ್ನು ಅವನು ಕಂಡಿದ್ದಾನೆ, ಕಂಡೂ ಪ್ರಶ್ನಿಸಿಲ್ಲ.

ಶೆಲ್‌ಗ್ರಿಮ್‌ನ ವಾದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಸಾಮಾನ್ಯ ಜನರೇ. 1906ರ ಹೆಪ್‌ಬರ್ನ್ ಶಾಸನ ರೈಲ್ವೆ ದರಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸರ್ಕಾರಿ ಆಯೋಗಕ್ಕೆ ಕೊಟ್ಟಿತು. 1910ರಲ್ಲಿ ಕ್ಯಾಲಿಫೋರ್ನಿಯದ ಮತದಾರರು, ಸದರ್ನ್ ಪೆಸಿಫಿಕ್ಕನ್ನು ರಾಜಕೀಯದಿಂದ ಹೊರದೂಡುತ್ತೇನೆಂದ ಹೈರಮ್ ಜಾನ್ಸನ್ನನನ್ನು ಗವರ್ನರಾಗಿ ಆರಿಸಿದರು. ತಡೆಯಲಾಗದ ಶಕ್ತಿ ಎಂದುಕೊಂಡದ್ದಕ್ಕೆ ಮನುಷ್ಯರು ಮೂಗುದಾರ ಹಾಕಿದರು. ಇದನ್ನು ನೋಡಲು ನಾರಿಸ್ ಉಳಿಯಲಿಲ್ಲ. 1902ರಲ್ಲಿ, 32ನೆಯ ವಯಸ್ಸಿನಲ್ಲಿ ತೀರಿಕೊಂಡ. ಗೋಧಿಯನ್ನು ಕುರಿತ ಮೂರು ಕಾದಂಬರಿಗಳಲ್ಲಿ, ಬರಗಾಲವನ್ನೇ ವಸ್ತುವಾಗಿಸಬೇಕೆಂದಿದ್ದ ಮೂರನೆಯದು ಬರೆಯದೆ ಉಳಿಯಿತು.

‘ಆಕ್ಟೋಪಸ್’ ಓದಬೇಕಾದ ಪುಸ್ತಕ. ಮಿತ್ರರಿಗೆ ನಾನೇ ಓದಲು ಕೊಟ್ಟಿದ್ದೇನೆ. ಆದರೆ ಅದರ ಕೊನೆಯ ಪುಟದ ಲೆಕ್ಕಪತ್ರಕ್ಕೆ ಸಾಕ್ಷಿಯಾಗಿ ರುಜು ಹಾಕಲು ನನಗೆ ಮನಸ್ಸು ಬಾರದು. ಆ ಲೆಕ್ಕದಲ್ಲಿ ಜಮಾ ಎಂದು ಬರೆದಿರುವುದು ನಮ್ಮ ಹಿರಿಯರ ಹಸಿವನ್ನು.